ಮದ್ರಾಸ್ ಅಸೀಲ್: ಪ್ರದರ್ಶನದ ಕೋಳಿಯ ಮೈಕಟ್ಟನ್ನು ಪರಿಶೀಲಿಸುವ ಬಗೆ

ನಗರದ ಹೆಸರು 1996ರಲ್ಲಿ ಚೆನ್ನೈ ಎಂದು ಬದಲಾದರೂ, ಕೋಳಿ ಸಾಕುವವರ ಜಗತ್ತಿನಲ್ಲಿ ಮದ್ರಾಸ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿ ಉಳಿದಿದೆ. ದಕ್ಷಿಣ ಭಾರತದ ಎತ್ತರದ ನಿಲುವಿನ, ಭಾರವಾದ ಮೂಳೆಯ ಅಸೀಲ್ ಕೋಳಿಯನ್ನು ಹೊರದೇಶಗಳ ತಳಿಪ್ರಿಯರು ಈಗಲೂ 'ಮದ್ರಾಸ್ ಅಸೀಲ್' ಎಂದೇ ಕರೆಯುತ್ತಾರೆ. ಅಸೀಲ್ ಎಂದರೆ ಅಪ್ಪಟ, ಕುಲೀನ ಎಂಬ ಅರ್ಥದ ಅರಬ್ಬಿ ಮೂಲದ ಮಾತು. ಈ ತಳಿಯ ಕೋಳಿಗಳನ್ನು ತಮಿಳುನಾಡು, ಆಂಧ್ರಪ್ರದೇಶ ಮತ್ತು ಕರ್ನಾಟಕದ ಗಡಿ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಸಾಕುತ್ತ ಬಂದಿದ್ದಾರೆ. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ನೋಂದಾಯಿಸಿರುವ ದೇಶೀ ಕೋಳಿ ತಳಿಗಳ ಪಟ್ಟಿಯಲ್ಲಿ ಅಸೀಲ್‌ಗೆ ಸ್ಥಾನವಿದ್ದು, ಅದರ ತವರು ಪ್ರದೇಶವೆಂದು ಛತ್ತೀಸಗಢ, ಒಡಿಶಾ ಮತ್ತು ಆಂಧ್ರಪ್ರದೇಶಗಳನ್ನು ಹೆಸರಿಸಲಾಗಿದೆ. ಮದ್ರಾಸಿನ ಹೆಸರು ಹೊತ್ತು ಹೊರದೇಶಕ್ಕೆ ಹೋದ ಈ ಬಗೆಯ ಕೋಳಿಗೆ ತವರಿನಲ್ಲಿ ಇನ್ನೂ ಎಲ್ಲರೂ ಒಪ್ಪಿದ ಲಿಖಿತ ಮಾನದಂಡವಿಲ್ಲದಿರುವುದರಿಂದ, ಹಕ್ಕಿಯನ್ನು ಕೊಳ್ಳುವವರೂ ಪ್ರದರ್ಶನಕ್ಕೆ ಒಯ್ಯುವವರೂ ಯಾವುದನ್ನು ಗುಣವೆನ್ನಬೇಕು, ಯಾವುದನ್ನು ದೋಷವೆನ್ನಬೇಕು ಎಂಬುದನ್ನು ಬಲ್ಲವರ ಬಾಯಿಂದಲೇ ಕೇಳಿ ಕಲಿಯಬೇಕಾಗಿದೆ.

ಮಾನದಂಡವೆಂದರೆ ಒಂದು ತಳಿಯ ಆದರ್ಶ ಹಕ್ಕಿ ಹೇಗಿರಬೇಕೆಂಬುದನ್ನು ತಲೆಯಿಂದ ಕಾಲಬೆರಳಿನವರೆಗೆ ಬಿಡಿಬಿಡಿಯಾಗಿ ವರ್ಣಿಸಿ, ಪ್ರತಿ ಅಂಗಕ್ಕೆ ಇಷ್ಟು ಅಂಕವೆಂದು ನಿಗದಿಪಡಿಸಿದ ಬರಹ. ಇಂಗ್ಲೆಂಡಿನಲ್ಲಿ ಇಂಥ ಮೊದಲ ಗ್ರಂಥವನ್ನು 1865ರಲ್ಲಿ ವಿಲಿಯಂ ಟೆಗೆಟ್‌ಮೈಯರ್ ಸಂಪಾದಿಸಿದರು. ಅಮೆರಿಕದ ಕೋಳಿ ಸಾಕಣೆದಾರರ ಸಂಘವು ತನ್ನದನ್ನು 1874ರಲ್ಲಿ ಹೊರತಂದಿತು. ಇವೆರಡರ ಹಿನ್ನೆಲೆಯಲ್ಲಿ ಭಾರತದ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ 1845ರಲ್ಲಿ ದೊಡ್ಡ ಕೋಳಿ ಪ್ರದರ್ಶನ ನಡೆದದ್ದು ಮತ್ತು ಅಲ್ಲಿನ 1849ರ ಕಾಯಿದೆಯು ಕೋಳಿ ಅಂಕವನ್ನು ಬಿಗಿಯಾಗಿ ನಿಷೇಧಿಸಿದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕಾದಾಟದ ಕಣವನ್ನು ಕಳೆದುಕೊಂಡ ತಳಿಗಳು ಅಲ್ಲಿ ಪ್ರದರ್ಶನದ ಪಂಜರದಲ್ಲಿ ಆಶ್ರಯ ಪಡೆದು ಉಳಿದವು. ಭಾರತದಲ್ಲಿಯೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದನ್ನೂ ಅದಕ್ಕೆ ಜಾಗ ಒದಗಿಸುವುದನ್ನೂ ಅಪರಾಧವೆಂದು ಸಾರುತ್ತದೆ. ಶತಮಾನಗಳ ಕಾಲ ಕಣದ ಗೆಲುವು ಸೋಲುಗಳೇ ಆಯ್ದು ರೂಪಿಸಿದ ಮೈಕಟ್ಟನ್ನು ಇನ್ನು ಮುಂದೆ ಕಾಯಬೇಕಾದದ್ದು ತೀರ್ಪುಗಾರನ ಕಣ್ಣು ಮತ್ತು ಕೈ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ತೀರ್ಪುಗಾರರು ಇಂದು ಮೂಳೆಯನ್ನು ಬಿಟ್ಟು ಗರಿಗೆ, ಬಲವನ್ನು ಬಿಟ್ಟು ಅಂದಕ್ಕೆ ಬಹುಮಾನ ಕೊಟ್ಟರೆ, ಇನ್ನಿಪ್ಪತ್ತು ವರ್ಷಗಳಲ್ಲಿ ಅಸೀಲ್ ಎಂಬ ಹೆಸರು ಉಳಿದೀತೇ ಹೊರತು ಅಸೀಲ್‌ನ ಮೈ ಉಳಿಯಲಾರದು.

ಹುಂಜದ ಲಕ್ಷಣಗಳನ್ನು ಬರೆದಿಡುವ ಪರಿಪಾಠ ಈ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ವಿನೋದಗಳ ಭಾಗದಲ್ಲಿ ಕುಕ್ಕುಟ ವಿನೋದಕ್ಕೂ ಜಾಗವಿದೆ. ತುಳುನಾಡಿನ ಕೋಳಿಕಟ್ಟದವರು ಬೊಳ್ಳೆ, ಕೆಮ್ಮೈರೆ ಮೊದಲಾಗಿ ಬಣ್ಣಕ್ಕೊಂದು ಹೆಸರಿಟ್ಟು, ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯವೆಂಬುದನ್ನು ಕುಕ್ಕುಟ ಪಂಚಾಂಗದಲ್ಲಿ ನೋಡುತ್ತಿದ್ದರು. ಆ ಸಂಪ್ರದಾಯದ ನೋಟ ಹೆಚ್ಚಾಗಿ ಬಣ್ಣದ ಮೇಲೆಯೇ ನೆಲೆಸಿದ್ದರೆ, ತಳಿಗಳ ಮೈಯನ್ನೇ ಹೋಲಿಸಿ ನೋಡುವ ವೈಜ್ಞಾನಿಕ ಅಧ್ಯಯನದಲ್ಲಿಯೂ ಮದ್ರಾಸಿನ ಪಾಲಿದೆ. ಚಾರ್ಲ್ಸ್ ಡಾರ್ವಿನ್ 1856ರಲ್ಲಿ ಸಾಕುಹಕ್ಕಿಗಳ ಚರ್ಮಗಳನ್ನು ಕಳುಹಿಸಿಕೊಡುವಂತೆ ಮದ್ರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್‌ಗೆ ಪತ್ರ ಬರೆದರು, ಎಲಿಯಟ್ ಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಕಳುಹಿಸಿದರು. ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಸಾಕುಪ್ರಾಣಿಗಳ ವ್ಯತ್ಯಾಸ ಕುರಿತ ಗ್ರಂಥದಲ್ಲಿ ಕೋಳಿ ತಳಿಗಳ ತಲೆಬುರುಡೆಯನ್ನೂ ಮೂಳೆಗಳನ್ನೂ ಕಾಡುಕೋಳಿಯ ಮೂಳೆಗಳೊಡನೆ ಹೋಲಿಸಿ, ಸಾಕುಕೋಳಿಗಳೆಲ್ಲದರ ಮೂಲ ಕೆಂಪು ಕಾಡುಕೋಳಿಯೆಂದು ವಾದಿಸಿದರು. ಗರಿಯ ಕೆಳಗಿನ ಚೌಕಟ್ಟನ್ನು ಮೊದಲು ನೋಡಬೇಕೆಂಬ ಅದೇ ಕ್ರಮವನ್ನು ಪ್ರದರ್ಶನದ ಅಂಗಳದಲ್ಲಿಯೂ ಅನುಸರಿಸುವುದು ಸೂಕ್ತ.

ಪರಿಶೀಲನೆಯ ಮೊದಲ ಹಂತದಲ್ಲಿ ಹಕ್ಕಿಯನ್ನು ಮುಟ್ಟಬಾರದು. ಆರೇಳು ಅಡಿ ದೂರದಲ್ಲಿ ನಿಂತು, ಹಕ್ಕಿಯ ಗಾಬರಿ ಅಡಗುವವರೆಗೆ ಕಾದು, ಅದು ತಾನಾಗಿ ನಿಲ್ಲುವ ಮತ್ತು ನಡೆಯುವ ಬಗೆಯನ್ನು ನೋಡಬೇಕು. ತಳಿಶಾಸ್ತ್ರದಲ್ಲಿ ನಿಲುವು ಎಂದು ಕರೆಯುವುದು ಇದನ್ನೇ. ಒಳ್ಳೆಯ ಅಸೀಲ್ ಹುಂಜದ ಮೈ ನೆಲಕ್ಕೆ ಸಮಾನಾಂತರವಾಗಿ ಮಲಗಿದಂತಿರದೆ ಮುಂಭಾಗ ಎತ್ತರಿಸಿಕೊಂಡಿರುತ್ತದೆ. ಬೆನ್ನು ಹೆಗಲಿನಿಂದ ಬಾಲದ ಬುಡಕ್ಕೆ ಇಳಿಜಾರಾಗಿ ಇಳಿಯುತ್ತದೆ. ಕತ್ತು ಉದ್ದವಾಗಿ, ಬಲವಾಗಿ, ಹಿಂಬದಿಯಲ್ಲಿ ತುಸುವೇ ಬಾಗಿರುತ್ತದೆ. ಮೇಲಿನಿಂದ ನೋಡಿದಾಗ ಮೈ ಹೆಗಲಲ್ಲಿ ಅತ್ಯಂತ ಅಗಲವಾಗಿದ್ದು ಬಾಲದ ಕಡೆಗೆ ಕಿರಿದಾಗುತ್ತ ಹೋಗಬೇಕು. ಹೆಗಲ ಮೂಳೆಗಳು ಮೈಯಿಂದ ಎದ್ದು ಹೊರಚಾಚಿದಂತೆ ಕಾಣುವುದು ಈ ತಳಿಯ ಮುಖ್ಯ ಗುರುತು. ರೆಕ್ಕೆಗಳು ಗಿಡ್ಡವಾಗಿ, ಪಕ್ಕೆಗೆ ಒತ್ತಿ ಕುಳಿತಿರಬೇಕು. ಮುಂದಿನಿಂದ ನೋಡಿದಾಗ ಎರಡು ಕಾಲುಗಳ ನಡುವೆ ಸಾಕಷ್ಟು ಅಂತರವಿದ್ದು ಅವು ನೇರವಾಗಿ ನೆಲವನ್ನೂರಿರಬೇಕು. ಕಾಲಿನ ಗಂಟುಗಳು ಒಂದಕ್ಕೊಂದು ತಾಗುವಂತಿದ್ದರೆ ಎದೆ ಎಷ್ಟೇ ಅಗಲವಾಗಿ ಕಂಡರೂ ಆ ಹಕ್ಕಿಯ ಚೌಕಟ್ಟು ಕಿರಿದೆಂದೇ ತಿಳಿಯಬೇಕು. ಚೆನ್ನೈನ ಪಲ್ಲಾವರಂನ ಶುಕ್ರವಾರದ ಸಂತೆಯಂಥ ಕಡೆಗಳಲ್ಲಿ ಕಾಲು ಕಟ್ಟಿ ಕೂರಿಸಿದ ಅಥವಾ ಬುಟ್ಟಿಯಲ್ಲಿ ಮುಚ್ಚಿಟ್ಟ ಹುಂಜವನ್ನು ಹಾಗೆಯೇ ನೋಡಿ ಬೆಲೆ ಮಾತಾಡುವ ರೂಢಿಯಿದೆ. ಕೊಳ್ಳುವವರು ಕಟ್ಟು ಬಿಚ್ಚಿಸಿ, ಸಮತಟ್ಟಾದ ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡದೆ ಯಾವ ತೀರ್ಮಾನಕ್ಕೂ ಬರಬಾರದು, ಏಕೆಂದರೆ ಕುಳಿತ ಹಕ್ಕಿಯಲ್ಲಿ ಕಾಲಿನ ದೋಷವೂ ಬೆನ್ನಿನ ದೋಷವೂ ಅಡಗಿಹೋಗುತ್ತವೆ.

ಎರಡನೆಯ ಹಂತ ಕೈಯದು, ಮತ್ತು ನಿರ್ಣಾಯಕವಾದದ್ದೂ ಅದೇ. ಹಕ್ಕಿಯನ್ನು ಪಂಜರದಿಂದ ತಲೆ ಮುಂದಾಗಿ ಹೊರತೆಗೆದು, ಬಲ ಅಂಗೈಯನ್ನು ಎದೆಯ ಕೆಳಗಿಟ್ಟು, ಬೆರಳುಗಳ ಸಂದಿಯಲ್ಲಿ ಎರಡೂ ಕಾಲುಗಳನ್ನು ಮೃದುವಾಗಿ ಹಿಡಿದು, ಹಕ್ಕಿಯ ಭಾರವೆಲ್ಲ ಮುಂಗೈಯ ಮೇಲೆ ಬರುವಂತೆ ಎತ್ತಿಕೊಳ್ಳಬೇಕು. ಕಾಲು ಅಥವಾ ರೆಕ್ಕೆ ಹಿಡಿದು ತೂಗಾಡಿಸುವುದು ಹಕ್ಕಿಗೆ ಹಿಂಸೆ, ಪರಿಶೀಲನೆಗೂ ಅನುಪಯುಕ್ತ. ಹೀಗೆ ಹಿಡಿದಾಗ ಗಾತ್ರವನ್ನು ನೋಡಿ ಊಹಿಸಿದ್ದಕ್ಕಿಂತ ಭಾರ ಹೆಚ್ಚೆನಿಸಿದರೆ ಅದು ಒಳ್ಳೆಯ ಅಸೀಲ್‌ನ ಲಕ್ಷಣ: ಗರಿ ಕಡಿಮೆ, ಮೂಳೆ ಮತ್ತು ಸ್ನಾಯು ಹೆಚ್ಚು. ಭಾರತೀಯ ಪಠ್ಯಪುಸ್ತಕಗಳು ಪೂರ್ಣ ಬೆಳೆದ ಹುಂಜಕ್ಕೆ 4ರಿಂದ 5 ಕಿಲೋ, ಹೇಂಟೆಗೆ 3ರಿಂದ 4 ಕಿಲೋ ತೂಕವನ್ನು ಹೇಳುತ್ತವೆ. ರೆಜಾ ಎಂದು ಕರೆಯುವ ಗಿಡ್ಡ ಕಾಲಿನ ಸಣ್ಣ ಬಗೆಯು ಇದಕ್ಕಿಂತ ಬಹಳ ಹಗುರ, ಕುಲಂಗ್ ಎಂಬ ಎತ್ತರದ ವರ್ಗಕ್ಕೆ ಸೇರಿಸುವ ಮದ್ರಾಸ್ ಬಗೆ ಭಾರದ ತುದಿಯಲ್ಲಿರುತ್ತದೆ. ಬಗೆಯನ್ನು ಮೊದಲು ಗುರುತಿಸಿಕೊಳ್ಳದೆ ತೂಕದ ಮೇಲೆ ಅಂಕ ಕೊಡುವುದು ಸಲ್ಲದು.

ಕೈಗೆ ಸಿಗುವ ಸಂಗತಿಗಳಲ್ಲಿ ಎದೆಮೂಳೆಗೆ ಅಗ್ರಸ್ಥಾನ. ಎದೆಯ ನಡುವೆ ಮುಂದಿನಿಂದ ಹಿಂದಕ್ಕೆ ಚಾಚಿರುವ, ದೋಣಿಯ ಅಡಿಮರದಂತಿರುವ ಈ ಮೂಳೆಯ ಅಂಚಿನ ಮೇಲೆ ತೋರುಬೆರಳನ್ನು ನಿಧಾನವಾಗಿ ಎಳೆದಾಗ ಅದು ಒಂದೇ ನೇರಕ್ಕೆ ಸಿಗಬೇಕು. ನಡುವೆ ಗುಂಡಿ ಬಿದ್ದಿದ್ದರೆ, ಒಂದು ಪಕ್ಕಕ್ಕೆ ಸೊಟ್ಟಗಾಗಿದ್ದರೆ, ಮರಿಯಾಗಿದ್ದಾಗ ಸುಣ್ಣಾಂಶದ ಅಥವಾ ಡಿ ಜೀವಸತ್ವದ ಕೊರತೆಯಾಗಿರಬಹುದು, ಮೂಳೆ ಗಟ್ಟಿಯಾಗುವ ಮೊದಲೇ ಕಿರಿದಾದ ಕೋಲಿನ ಮೇಲೆ ಕೂರಲು ಬಿಟ್ಟಿರಬಹುದು, ವಂಶದ ದೌರ್ಬಲ್ಯವೂ ಆಗಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ಒಡಹುಟ್ಟಿದ ಹಕ್ಕಿಗಳನ್ನೂ ಮುಟ್ಟಿ ನೋಡಿದಾಗ ಮಾತ್ರ ಹೇಳಲು ಬರುತ್ತದೆ. ಮೂಳೆಯ ಎರಡೂ ಬದಿಯ ಮಾಂಸ ಸಮವಾಗಿ, ಒತ್ತಿದರೆ ಹಿಮ್ಮೆಟ್ಟದಷ್ಟು ಬಿಗಿಯಾಗಿರಬೇಕು. ಮೂಳೆ ಚೂಪಾಗಿ ಕೈಗೆ ಚುಚ್ಚುವಂತಿದ್ದರೆ ಹಕ್ಕಿ ಸೊರಗಿದೆ; ಮೂಳೆಯೇ ಸಿಗದಂತೆ ಮೆತ್ತನೆಯ ಮಾಂಸದಲ್ಲಿ ಹೂತುಹೋಗಿದ್ದರೆ ಕೊಬ್ಬು ಏರಿದೆ ಅಥವಾ ಬ್ರಾಯ್ಲರ್ ರಕ್ತ ಬೆರೆತಿದೆ. ಈ ಎರಡನೆಯ ಸಾಧ್ಯತೆಯನ್ನು ಇಂದಿನ ಮಾರುಕಟ್ಟೆಯಲ್ಲಿ ಗಂಭೀರವಾಗಿ ಪರಿಗಣಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಅಸೀಲ್ ರಕ್ತವನ್ನು ಅಲ್ಲಿನ ಕೋಳಿಗಳಿಗೆ ಬೆರೆಸಿ 'ಇಂಡಿಯನ್ ಗೇಮ್', ಅಂದರೆ ಇಂದಿನ ಕಾರ್ನಿಷ್, ತಳಿಯನ್ನು ರೂಪಿಸಿದರು. ಆ ಕಾರ್ನಿಷ್‌ನ ಅಗಲವಾದ ಎದೆಯೇ ಮುಂದೆ ಜಗತ್ತಿನ ಬ್ರಾಯ್ಲರ್ ಕೋಳಿಗಳಿಗೆ ಬಂತು. ಅಸೀಲ್ ಕೊಟ್ಟ ಎದೆ ಬ್ರಾಯ್ಲರ್‌ನಲ್ಲಿ ವೇಗದ ಬೆಳವಣಿಗೆಯೊಡನೆ ಸೇರಿ ಮೆತ್ತಗಾಗಿದ್ದು, ಈಗ ಅದೇ ಬ್ರಾಯ್ಲರ್ ಹೇಂಟೆಗೆ ಅಸೀಲ್ ಹುಂಜವನ್ನು ಕೂಡಿಸಿ ಹುಟ್ಟಿಸಿದ ಮರಿಗಳು ಅಸೀಲ್ ಹೆಸರಿನಲ್ಲಿ ಮಾರಾಟವಾಗುವ ಅಪಾಯವಿದೆ. ಇಂಥ ಮಿಶ್ರತಳಿಯ ಎದೆ ತುಂಬಿಕೊಂಡಿದ್ದರೂ ತೊಡೆ ಸಡಿಲವಾಗಿರುತ್ತದೆ, ಗರಿ ಮೆತ್ತಗೆ ಉಬ್ಬಿಕೊಂಡಿರುತ್ತದೆ, ಕಾಲು ಮೈಭಾರವನ್ನು ಹೊರಲು ತಿಣುಕುತ್ತದೆ.

ಎದೆಯಿಂದ ಕೈ ಬೆನ್ನಿಗೆ ಸರಿಯಬೇಕು. ಹೆಗಲಿನಿಂದ ಬಾಲದ ಬುಡದವರೆಗೆ ಅಂಗೈ ಸವರಿದಾಗ ಬೆನ್ನು ಚಪ್ಪಟೆಯಾಗಿ, ನೇರವಾಗಿ ಸಿಗಬೇಕು. ನಡುವೆ ಗೂನು ಎದ್ದಿದ್ದರೆ, ಬಾಲದ ಬುಡ ಯಾವಾಗಲೂ ಒಂದೇ ಪಕ್ಕಕ್ಕೆ ವಾಲಿದ್ದರೆ, ಅದು ಬೆನ್ನುಮೂಳೆಯ ದೋಷವಾಗಿದ್ದು ಮರಿಗಳಿಗೆ ಇಳಿಯಬಹುದಾದ್ದರಿಂದ ಆ ಹಕ್ಕಿಯನ್ನು ಸ್ಪರ್ಧೆಯಿಂದಲೂ ಸಂತಾನದ ಕೊಟ್ಟಿಗೆಯಿಂದಲೂ ದೂರವಿಡಬೇಕು. ಬಾಲ ವಾಲಿರುವುದು ಅಭ್ಯಾಸವೋ ದೋಷವೋ ಎಂಬ ಸಂಶಯ ಬಂದರೆ, ಹಕ್ಕಿಯನ್ನು ಎರಡೂ ದಿಕ್ಕಿಗೆ ತಿರುಗಿಸಿ ನಡೆಸಿ ನೋಡಬೇಕು. ಇಕ್ಕಟ್ಟಾದ ಪಂಜರದ ಗೋಡೆಗೆ ತಾಗಿ ಮಡಿಚಿದ ಬಾಲ ಕೆಲವು ದಿನ ಬಯಲಲ್ಲಿ ಬಿಟ್ಟರೆ ಸರಿಹೋಗುತ್ತದೆ, ಮೂಳೆಯ ದೋಷ ಸರಿಹೋಗುವುದಿಲ್ಲ. ರೆಕ್ಕೆಯನ್ನು ಬಿಡಿಸಿದಾಗ ತುದಿಯ ಹತ್ತು ಉದ್ದ ಗರಿಗಳು, ಅವುಗಳ ಒಳಬದಿಗೆ ಒಂದು ಗಿಡ್ಡ ನಡುಗರಿ, ಅನಂತರ ಒಳಗರಿಗಳು ಬೀಸಣಿಗೆಯಂತೆ ಸಾಲಾಗಿರುತ್ತವೆ. ಹೊರಗರಿ ಒಳಗರಿಗಳ ನಡುವೆ ದೊಡ್ಡ ಬಿರುಕು ಬಿಟ್ಟಿರುವ ಒಡಕು ರೆಕ್ಕೆಯೂ, ಮಡಿಚಿದಾಗ ತುದಿಗರಿಗಳು ಒಳಗೆ ಸೇರದೆ ಹೊರಗೆ ಜಾರುವ ಜಾರು ರೆಕ್ಕೆಯೂ ವಂಶವಾಹಿ ದೋಷಗಳೆಂದೇ ಜಗತ್ತಿನೆಲ್ಲೆಡೆ ಪರಿಗಣಿತವಾಗಿವೆ. ಗರಿ ಉದುರಿ ಹೊಸದು ಬರುತ್ತಿರುವ ಕಾಲದಲ್ಲಿ ಮಾತ್ರ ಇವುಗಳ ಬಗ್ಗೆ ಆತುರದ ತೀರ್ಪು ಕೂಡದು.

ಕಾಲು ಮತ್ತು ಪಾದಗಳ ಪರೀಕ್ಷೆಯನ್ನು ಬಹಳ ಮಂದಿ ತೇಲಿಸಿಬಿಡುತ್ತಾರೆ. ನಾಲ್ಕು ಕಿಲೋ ಮೀರಿದ ಹಕ್ಕಿಯ ಆಯುಷ್ಯವೆಲ್ಲ ಅದರ ಕಾಲಿನ ಮೇಲೆ ನಿಂತಿರುವುದರಿಂದ ಇದು ತಪ್ಪು. ತೊಡೆ ದುಂಡಗೆ ಗಟ್ಟಿಯಾಗಿರಬೇಕು, ಕಾಲಿನ ಗಂಟಿನ ಕೆಳಗಿನ ಭಾಗ ದಪ್ಪವಾಗಿರಬೇಕು, ಅದರ ಮೇಲಿನ ಚಿಪ್ಪುಗಳು ಸಾಲುತಪ್ಪದೆ ನುಣ್ಣಗೆ ಅಂಟಿಕೊಂಡಿರಬೇಕು. ಚಿಪ್ಪುಗಳು ಎದ್ದು ಒರಟಾಗಿ ಬಿಳಿಪುಡಿ ಉದುರುತ್ತಿದ್ದರೆ ಅದು ಚಿಪ್ಪಿನಡಿ ಸೇರುವ ಸೂಕ್ಷ್ಮ ನುಸಿಯ ಕೆಲಸ. ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾದರೂ, ಬೇರೆ ಹಕ್ಕಿಗಳಿಗೆ ಹರಡುವುದರಿಂದ ಅಂಥ ಹಕ್ಕಿಯನ್ನು ಪ್ರದರ್ಶನದ ಸಾಲಿಗೆ ಬಿಡಬಾರದು. ನಾಲ್ಕು ಬೆರಳುಗಳೂ ನೇರವಾಗಿದ್ದು, ಹಿಂಬೆರಳು ಹಿಂದಕ್ಕೇ ಚಾಚಿ ನೆಲಕ್ಕೆ ಒತ್ತಿಕೊಂಡಿರಬೇಕು. ಅದು ಮುಂದಕ್ಕೆ ತಿರುಗಿ ಪಕ್ಕದ ಬೆರಳಿಗೆ ಒರಗಿದ್ದರೆ ಅದನ್ನು ಬಾತುಪಾದವೆಂದು ಕರೆಯುತ್ತಾರೆ, ಆ ಹಕ್ಕಿಗೆ ಹಿಂದಿನ ಆಧಾರವೇ ಇರುವುದಿಲ್ಲ. ಅಂಗಾಲಿನಲ್ಲಿ ಕಪ್ಪು ಹಕ್ಕಳೆಯೊಡನೆ ಬಾವು ಕಂಡರೆ, ಸಿಮೆಂಟು ನೆಲದ ಮೇಲೆ ಕಟ್ಟಿಹಾಕಿದ ಭಾರದ ಹುಂಜಗಳಿಗೆ ಗಾಯದ ಮೂಲಕ ಸೋಂಕು ಸೇರಿ ಬರುವ ಪಾದದ ಬಾವು ಅದೆಂದು ತಿಳಿಯಬೇಕು. ನಗರದ ಮಹಡಿಗಳ ಮೇಲೆ ಸಾಕುವವರು ನೆಲಕ್ಕೆ ಮರಳನ್ನೋ ಭತ್ತದ ಹೊಟ್ಟನ್ನೋ ಹರಡುವುದರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು.

ತಲೆಯನ್ನು ನೋಡುವಾಗ ಜುಟ್ಟಿನಿಂದ ಆರಂಭಿಸುವುದು ಅನುಕೂಲ, ಏಕೆಂದರೆ ತಳಿಶುದ್ಧಿಯ ವಿಷಯದಲ್ಲಿ ಅದು ಸುಲಭಕ್ಕೆ ಸಿಗುವ ಸಾಕ್ಷಿ. ಅಸೀಲ್‌ಗೆ ಇರಬೇಕಾದದ್ದು ಬಟಾಣಿ ಜುಟ್ಟು: ತಲೆಯ ಮೇಲೆ ಗಟ್ಟಿಯಾಗಿ ಕುಳಿತ, ಮೂರು ತಗ್ಗಾದ ಏಣುಗಳ ಸಣ್ಣ ಜುಟ್ಟು. ಇಂಗ್ಲೆಂಡಿನ ವಿಲಿಯಂ ಬೇಟ್‌ಸನ್ 1902ರಲ್ಲಿ ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ತೋರಿಸಿದಾಗ ಬಳಸಿದ ಲಕ್ಷಣಗಳಲ್ಲಿ ಕೋಳಿಯ ಜುಟ್ಟೂ ಒಂದು. ಬಟಾಣಿ ಜುಟ್ಟು ಪ್ರಬಲ ಗುಣವೆಂದು ಆಗಲೇ ಗೊತ್ತಾಯಿತು. ಈ ಗುಣಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯನ್ನು 2009ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದು ಜುಟ್ಟನ್ನು ಕುಗ್ಗಿಸುವುದರ ಜೊತೆಗೆ ಗದ್ದದ ಜೋಲನ್ನೂ ಕುಗ್ಗಿಸುತ್ತದೆ. ಪ್ರಬಲ ಗುಣವಾದ್ದರಿಂದ ಬೆರಕೆ ಹಕ್ಕಿಯಲ್ಲಿಯೂ ಬಟಾಣಿ ಜುಟ್ಟು ಕಾಣಬಹುದು, ಆದರೆ ಅಲ್ಲಿ ನಡುವಿನ ಏಣು ಎತ್ತರವಾಗಿ, ಜುಟ್ಟು ದೊಡ್ಡದಾಗಿ, ಗದ್ದದಲ್ಲಿ ಜೋಲು ಇಳಿದಿರುವ ಸಂಭವ ಹೆಚ್ಚು. ಜೋಲನ್ನು ಕತ್ತರಿಸಿ ಮರೆಮಾಡಿದ ಹಕ್ಕಿಯ ಗದ್ದದಡಿ ಬೆರಳಾಡಿಸಿದರೆ ಗಾಯದ ಗೆರೆ ಗಡುಸಾಗಿ ಸಿಗುತ್ತದೆ. ಅಂಥ ಕತ್ತರಿಕೆ ಹಕ್ಕಿಗೆ ನೋವು ಕೊಡುವ ಕ್ರೌರ್ಯವೂ ಕೊಳ್ಳುವವರಿಗೆ ಮಾಡುವ ವಂಚನೆಯೂ ಆಗಿದೆ. ತಲೆಬುರುಡೆ ಕಣ್ಣುಗಳ ನಡುವೆ ಅಗಲವಾಗಿ, ಹುಬ್ಬಿನ ಏಣು ಎದ್ದು, ದವಡೆ ಬಲವಾಗಿರಬೇಕು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಮುತ್ತಿನಂತೆ ಬೆಳ್ಳಗಿರುವುದನ್ನು ಬಲ್ಲವರು ಮೆಚ್ಚುತ್ತಾರೆ; ಎಳೆಯ ಹಕ್ಕಿಗಳಲ್ಲಿ ಈ ಬಣ್ಣ ಮಬ್ಬಾಗಿದ್ದು ವಯಸ್ಸಾದಂತೆ ತಿಳಿಯಾಗುವುದರಿಂದ ವರ್ಷ ತುಂಬದ ಹುಂಜದಲ್ಲಿ ಅದನ್ನು ದೋಷವೆನ್ನಬಾರದು. ಈ ತಳಿ ನಿಧಾನವಾಗಿ ಬೆಳೆಯುವಂಥದು. ವರ್ಷದೊಳಗಿನ ಹಕ್ಕಿಯ ಮೈಕಟ್ಟಿನ ಬಗ್ಗೆ ಕೊನೆಯ ಮಾತು ಹೇಳುವುದೇ ತಪ್ಪು, ಎರಡು ವರ್ಷಕ್ಕೆ ಅದು ತನ್ನ ಪೂರ್ಣ ರೂಪಕ್ಕೆ ಬರುತ್ತದೆ.

ತಮಿಳುನಾಡಿನ ಪ್ರದರ್ಶನಗಳಲ್ಲಿ ಇಂದು ಹೆಚ್ಚು ಜನರನ್ನು ಸೆಳೆಯುತ್ತಿರುವುದು ಕಿಳಿಮೂಕ್ಕು ವಿಸಿರಿವಾಲ್ ಎಂಬ ಬಗೆ, ಅಂದರೆ ಗಿಣಿಯಂತೆ ಬಾಗಿದ ಗಿಡ್ಡ ಕೊಕ್ಕು ಮತ್ತು ಉದ್ದವಾಗಿ ಹರಡಿಕೊಂಡ ಬಾಲವುಳ್ಳ ಅಸೀಲ್. ದಿಂಡಿಗಲ್ ಮೊದಲಾದ ಊರುಗಳಲ್ಲಿ ಇವುಗಳಿಗೆಂದೇ ಪ್ರದರ್ಶನಗಳು ನಡೆದಿವೆ. ಹುಂಜಗಳಿಗೆ ಲಕ್ಷ ರೂಪಾಯಿ ಮೀರಿದ ಬೆಲೆ ಹೇಳುವುದೂ ಉಂಟು. ಕಾದಾಟಕ್ಕೆ ಒದಗದ, ನೋಡುವ ಸಂತೋಷಕ್ಕೆಂದೇ ಬೆಳೆಸಿದ ಬಗೆ ಇದಾದ್ದರಿಂದ ಕೋಳಿ ಸಾಕುವ ಹವ್ಯಾಸವನ್ನು ಕಣದಿಂದ ಪ್ರದರ್ಶನಕ್ಕೆ ತಂದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಇದಕ್ಕೆ ಸಲ್ಲಬೇಕು. ಹಾಗಿದ್ದರೂ ತೀರ್ಪುಗಾರರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಕೊಕ್ಕಿನ ಬಾಗು ಅಂದವೆನಿಸಬೇಕಾದರೆ ಮೇಲುಕೊಕ್ಕು ಕೆಳಕೊಕ್ಕಿನ ಮೇಲೆ ಸರಿಯಾಗಿ ಕೂಡಿ ಮುಚ್ಚಿಕೊಳ್ಳಬೇಕು, ಬದಿಯಿಂದ ಬೆಳಕು ಹಾಯುವಷ್ಟು ಸಂದು ಇರಬಾರದು, ಎರಡೂ ಭಾಗಗಳು ಕತ್ತರಿಯಂತೆ ಅಡ್ಡಹಾಯಬಾರದು. ಇದನ್ನು ಪರೀಕ್ಷಿಸಲು ಸರಳವಾದ ಉಪಾಯವೆಂದರೆ ಗಟ್ಟಿ ನೆಲದ ಮೇಲೆ ಒಂದು ಹಿಡಿ ಕಂಬು ಅಂದರೆ ಸಜ್ಜೆಯ ಕಾಳನ್ನು ಚೆಲ್ಲಿ ಹಕ್ಕಿ ಹೆಕ್ಕುವುದನ್ನು ನೋಡುವುದು: ಕಾಳಿಗೆ ಕುಕ್ಕಿದ ಪ್ರತಿಸಲವೂ ಕೊಕ್ಕಿನ ಮೊನೆ ನೆಲಕ್ಕೆ ತಾಗಿ ಕಾಳು ಪಕ್ಕಕ್ಕೆ ಹಾರುತ್ತಿದ್ದರೆ, ಹಕ್ಕಿ ಆಳವಾದ ಬಟ್ಟಲಿನಲ್ಲಿ ಮಾತ್ರ ತಿನ್ನಬಲ್ಲದಾದರೆ, ಆ ಬಾಗು ಅತಿಯಾಗಿದೆ. ತನ್ನ ಆಹಾರವನ್ನು ತಾನು ಹೆಕ್ಕಲಾರದ ಹಕ್ಕಿಗೆ ಮೊದಲ ಬಹುಮಾನ ಕೊಡುವ ಪ್ರದರ್ಶನ ತಳಿಗೆ ಉಪಕಾರ ಮಾಡುವುದಿಲ್ಲ. ಬಾಲದ ವಿಷಯವೂ ಹಾಗೆಯೇ. ಉದ್ದಕ್ಕಿಂತ ಮೊದಲು ಬಾಲದ ಬುಡದ ಅಗಲ, ಗರಿದಂಡಿನ ಗಟ್ಟಿತನ ಮತ್ತು ಎರಡೂ ಪಕ್ಕದ ಸಮತೋಲವನ್ನು ನೋಡಬೇಕು, ಏಕೆಂದರೆ ಬಡಕಲು ಬುಡದಿಂದ ಹೊರಟ ಉದ್ದ ಬಾಲ ಹಕ್ಕಿಯನ್ನು ಹಿಂದಕ್ಕೆಳೆದು ನಿಲುವನ್ನೇ ಕೆಡಿಸುತ್ತದೆ. ಸಾಂಪ್ರದಾಯಿಕ ಮದ್ರಾಸ್ ಬಗೆಯಲ್ಲಾದರೋ ಬಾಲ ಗಿಡ್ಡವಾಗಿ ಕೆಳಗೆ ಇಳಿದಿರಬೇಕಾದ್ದರಿಂದ ಈ ಎರಡು ಬಗೆಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವುದು ಎರಡಕ್ಕೂ ಅನ್ಯಾಯ.

ಅಸೀಲ್‌ನ ಗರಿಯನ್ನು ಗಡುಸುಗರಿ ಎಂಬ ವರ್ಗಕ್ಕೆ ಸೇರಿಸುತ್ತಾರೆ: ಕಿರಿದಾದ, ಗಿಡ್ಡನೆಯ, ಬಿರುಸಾದ ಗರಿಗಳು ಮೈಗೆ ಅಂಟಿಕೊಂಡಿದ್ದು, ಅಡಿಯಲ್ಲಿ ಮೆತ್ತನೆಯ ತುಪ್ಪಳ ಬಹಳ ಕಡಿಮೆ ಇರುತ್ತದೆ. ಎದೆಮೂಳೆಯ ಮೇಲೆ, ರೆಕ್ಕೆಯ ಗಂಟಿನಲ್ಲಿ ಕೆಂಪು ಚರ್ಮ ಬರಿದಾಗಿ ಕಾಣುವುದು ಈ ತಳಿಯಲ್ಲಿ ಸಹಜ. ಅದನ್ನು ಗರಿ ಕಿತ್ತ ಗಾಯವೆಂದು ಹೊಸಬರು ತಪ್ಪು ತಿಳಿಯುವುದುಂಟು. ಬಣ್ಣಗಳಿಗೆ ಪೀಲಾ, ಯಾಕೂಬ್, ನೂರಿ, ಕಾಗರ್, ಚಿತ್ತಾ, ಸಬ್ಜಾ, ಟೀಕರ್ ಎಂಬ ಹೆಸರುಗಳು ಬಳಕೆಯಲ್ಲಿವೆ; ಪೀಲಾ ಹೊನ್ನುಗೆಂಪು, ಯಾಕೂಬ್ ಕಪ್ಪು ಕೆಂಪು, ನೂರಿ ಬಿಳಿ, ಕಾಗರ್ ಕಪ್ಪು. ಮೈಕಟ್ಟಿನಿಂದಲೇ ಗುರುತಿಸಬೇಕಾದ ತಳಿಯಲ್ಲಿ ಬಣ್ಣಕ್ಕೆ ಕೊಡಬೇಕಾದ ಬೆಲೆ ಅತ್ಯಲ್ಪ. ಎರಡು ಹಕ್ಕಿಗಳು ಉಳಿದೆಲ್ಲದರಲ್ಲಿ ಸಮನಾಗಿ ನಿಂತಾಗ ಮಾತ್ರ ಬಣ್ಣದ ಶುಭ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.

ಹೇಂಟೆಯನ್ನು ಪರಿಶೀಲಿಸುವ ಕೆಲಸ ಪ್ರದರ್ಶನಗಳಲ್ಲಿ ಹುಂಜದ ಗದ್ದಲದ ನಡುವೆ ಹಿಂದೆ ಬೀಳುತ್ತದೆ. ಮರಿಯ ವಂಶವಾಹಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೇಂಟೆಯಿಂದಲೇ ಬರುವುದರಿಂದ ಇದು ತಳಿಗೆ ನಷ್ಟ. ಮೂಳೆ, ಹೆಗಲು, ಕಾಲುಗಳ ವಿಷಯದಲ್ಲಿ ಹುಂಜಕ್ಕೆ ಹೇಳಿದ್ದೆಲ್ಲ ಹೇಂಟೆಗೂ ಅನ್ವಯಿಸುತ್ತದೆ. ಅದಲ್ಲದೆ ಗುದದ್ವಾರದ ಎರಡು ಬದಿಗೆ ಚಾಚಿರುವ ಮೊನೆಯಾದ ಜಘನ ಮೂಳೆಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆಯಬೇಕು: ಮೊಟ್ಟೆಯಿಡುತ್ತಿರುವ ಹೇಂಟೆಯಲ್ಲಿ ಎರಡು ಮೂರು ಬೆರಳು ಹಿಡಿಯುತ್ತವೆ, ಮೊಟ್ಟೆ ನಿಲ್ಲಿಸಿದ ಹೇಂಟೆಯಲ್ಲಿ ಒಂದು ಬೆರಳು ಹಿಡಿಯುವುದೇ ಕಷ್ಟ. ಅಸೀಲ್ ಹೇಂಟೆ ಮೊಟ್ಟೆಯಲ್ಲಿ ಹಿಂದು, ಕಾವು ಕೂರುವುದರಲ್ಲಿ ಮತ್ತು ಮರಿ ಕಾಯುವುದರಲ್ಲಿ ಮುಂದು. ಮೊಟ್ಟೆಯಿಡುವ ಕಾಲದಲ್ಲಿ ಅದರ ಗರಿಯ ಹೊಳಪೂ ಮೈಯ ಬಿಗಿಯೂ ತುಸು ಕುಗ್ಗಿರುತ್ತವೆಂಬುದನ್ನು ಅರಿತು ಅಂಕ ಕೊಡಬೇಕು.

ಅಂಕಗಳನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ, ಮೇಲಿನ ವಿಚಾರಗಳನ್ನೆಲ್ಲ ಗಮನಿಸಿದಾಗ, ಒಟ್ಟು 100ರಲ್ಲಿ ಮೈಕಟ್ಟು ಮತ್ತು ನಿಲುವಿಗೆ 40, ಕಾಲು ಮತ್ತು ಪಾದಕ್ಕೆ 15, ತಲೆ, ಕೊಕ್ಕು, ಕಣ್ಣುಗಳಿಗೆ 15, ಗರಿ ಮತ್ತು ಬಾಲಕ್ಕೆ 15, ಆರೋಗ್ಯ ಮತ್ತು ಸಿದ್ಧತೆಗೆ 15 ಎಂಬ ಹಂಚಿಕೆ ಯೋಗ್ಯವಾದೀತು. ಕಿಳಿಮೂಕ್ಕು ವರ್ಗದಲ್ಲಿ ತಲೆಗೂ ಬಾಲಕ್ಕೂ ಐದೈದು ಅಂಕ ಹೆಚ್ಚಿಸಲು ಸಂಘಟಕರು ಬಯಸಬಹುದು. ಆ ಹತ್ತು ಅಂಕಗಳನ್ನು ಕಾಲಿನ ಅಥವಾ ಆರೋಗ್ಯದ ಅಂಕದಿಂದ ಮಾತ್ರ ಕಳೆಯಬಾರದು. ಸೊಟ್ಟ ಬೆನ್ನು, ಕತ್ತರಿ ಕೊಕ್ಕು, ಬಾತುಪಾದ, ಒಡಕು ರೆಕ್ಕೆ, ಹಾಗೂ ಬಣ್ಣ ಹಚ್ಚಿದ, ಹೊರಗಿನ ಗರಿ ಅಂಟಿಸಿದ, ಅಂಗ ಕತ್ತರಿಸಿದ ಗುರುತು ಕಂಡ ಹಕ್ಕಿಗಳನ್ನು ಅಂಕ ಕಳೆದು ಉಳಿಸಿಕೊಳ್ಳದೆ ಸ್ಪರ್ಧೆಯಿಂದಲೇ ಹೊರಗಿಡಬೇಕು. ಪ್ರತಿ ಹಕ್ಕಿಯ ಅಂಕಪಟ್ಟಿಯನ್ನು ಮಾಲೀಕರ ಕೈಗೆ ಕೊಡುವ ಪದ್ಧತಿ ಬಂದರೆ, ಸೋತ ಹಕ್ಕಿಯ ಮಾಲೀಕರೂ ಮುಂದಿನ ಜೋಡಿಯನ್ನು ಆಯ್ಕೆ ಮಾಡುವಾಗ ಏನನ್ನು ತಿದ್ದಬೇಕೆಂದು ಅರಿತುಕೊಳ್ಳುತ್ತಾರೆ.

ಚೆನ್ನೈನ ಹವಾಮಾನವೂ ತೀರ್ಪಿನಲ್ಲಿ ಪಾತ್ರ ವಹಿಸುತ್ತದೆ. ಕೋಳಿಯ ಸಹಜ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲದ ಕಾರಣ ಬಿಸಿಯನ್ನು ಮುಖ್ಯವಾಗಿ ಬಾಯಿ ತೆರೆದು ಏದುಸಿರಿನ ಮೂಲಕ ಹೊರಹಾಕುತ್ತದೆ, ಕಡಲತೀರದ ತೇವಭರಿತ ಗಾಳಿಯಲ್ಲಿ ಈ ದಾರಿ ಅಷ್ಟಾಗಿ ಫಲಿಸುವುದಿಲ್ಲ. ಮೇ ತಿಂಗಳ 'ಕತ್ತರಿ' ಎಂದು ಕರೆಯುವ ಕಡುಬಿಸಿಲಿನಲ್ಲಿ ರೆಕ್ಕೆ ಇಳಿಬಿಟ್ಟು ಏದುತ್ತಿರುವ ಹಕ್ಕಿಯ ನಿಲುವನ್ನು ಯಾವ ತೀರ್ಪುಗಾರನೂ ಸರಿಯಾಗಿ ಅಳೆಯಲಾರ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಬಾಲವನ್ನೂ ಪಾದವನ್ನೂ ಕೆಡಿಸುತ್ತದೆ. ಜನವರಿ ಮತ್ತು ಫೆಬ್ರವರಿ ತಿಂಗಳ ಬೆಳಗಿನ ಹೊತ್ತು ಪ್ರದರ್ಶನಕ್ಕೆ ಎಲ್ಲ ರೀತಿಯಲ್ಲಿಯೂ ಒಳ್ಳೆಯದು. ಪಂಜರಗಳ ನಡುವೆ ಹಲಗೆ ಅಥವಾ ದಪ್ಪ ಬಟ್ಟೆಯ ಮರೆ ಇರಬೇಕು, ಒಂದು ಹುಂಜಕ್ಕೆ ಇನ್ನೊಂದು ಕಾಣಬಾರದು. ಕೆರಳಿಸಿ ಕತ್ತಿನ ಗರಿ ಎಬ್ಬಿಸಿ ತೋರಿಸುವ ಚಾಳಿಯನ್ನು ಸಂಘಟಕರು ಪೂರ್ತಿಯಾಗಿ ತಡೆಯಬೇಕು, ಏಕೆಂದರೆ ಕೆರಳಿದ ಹುಂಜದ ಸಹಜ ನಿಲುವು ಮರೆಯಾಗುವುದಷ್ಟೇ ಅಲ್ಲ, ಪ್ರದರ್ಶನವು ಕಾನೂನು ನಿಷೇಧಿಸಿದ ಕಾದಾಟದ ಅಂಚಿಗೆ ಸರಿದುಬಿಡುತ್ತದೆ.

ಪ್ರದರ್ಶನಕ್ಕೆ ಒಯ್ಯುವ ಹಕ್ಕಿಗೆ ರಾಣಿಖೇತ್ ರೋಗದ ಲಸಿಕೆಯನ್ನು ಕನಿಷ್ಠ ಮೂರು ವಾರ ಮೊದಲೇ ಹಾಕಿಸಿರಬೇಕು. ಹಿಂದಿನ ದಿನ ಹಾಕಿಸಿದ ಲಸಿಕೆಯಿಂದ ರಕ್ಷಣೆ ದೊರೆಯುವುದಿಲ್ಲ. ಬಾಲದ ಬುಡದಲ್ಲಿ, ಗುದದ್ವಾರದ ಸುತ್ತ, ರೆಕ್ಕೆಯಡಿ ಹೇನು ನುಸಿಗಳಿವೆಯೇ ಎಂದು ಗರಿ ಬಿಡಿಸಿ ನೋಡಬೇಕು. ಪಾದದ ಬಾವು, ಚಿಪ್ಪು ನುಸಿ, ಉಸಿರಾಟದ ತೊಂದರೆಗಳು ಕಂಡಾಗ ಅಂಗಡಿಯವರ ಮಾತಿನಂತೆ ಔಷಧ ಹಾಕುವ ಬದಲು ಪಶುವೈದ್ಯರನ್ನು ಕಾಣಬೇಕು. ಚೆನ್ನೈನ ವೇಪೇರಿಯಲ್ಲಿರುವ, 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜು ನಗರದವರಿಗೆ ಹತ್ತಿರದಲ್ಲಿಯೇ ಇದೆ. ಗೆದ್ದ ಹಕ್ಕಿಯಾಗಲಿ ಸೋತ ಹಕ್ಕಿಯಾಗಲಿ, ಹಲವು ಊರುಗಳ ಕೋಳಿಗಳ ಜೊತೆ ಒಂದು ದಿನ ಕಳೆದು ಬಂದ ಮೇಲೆ ಅದನ್ನು ನೇರವಾಗಿ ಮನೆಯ ಹಿಂಡಿಗೆ ಬಿಡದೆ, ಬೇರೆ ಗೂಡು, ಬೇರೆ ನೀರಿನ ಬಟ್ಟಲಿನೊಡನೆ ಮೂರು ವಾರ ಪ್ರತ್ಯೇಕವಾಗಿಟ್ಟು, ಹಿಂಡಿನ ಉಳಿದ ಹಕ್ಕಿಗಳಿಗೆ ಮೇವು ಹಾಕಿದ ನಂತರವೇ ಅದರ ಬಳಿಗೆ ಹೋಗುವುದು ಸರಿಯಾದ ಕ್ರಮ.